ಗುಂಡಿ ಮುಚ್ಚುವ ಸರದಿ

ಜೂನ್ 9, ಸೋಮವಾರ

ಚಾರ್ಜರ್ ಕಿತ್ತೆ. ಆಟೋ ಒರೆಸಿದೆ. ಜಂಗಮಕೋಟೆ ಸ್ಟ್ಯಾಂಡಿಗೆ ಹೋದೆ. ಅಲ್ಲಿ ಆರು ಆಟೋ; ಕರೆಂಟಿನದು ನನ್ನದೊಂದೇ. ಸ್ಟ್ಯಾಂಡಿನ ಅಧ್ಯಕ್ಷ ಕೋನಪ್ಪ ಅಡ್ಡ ನಿಂತ. ಸಾಕ್ಷಾತ್ ದುರ್ಯೋಧನ.

"ಮುನಿಶಾಮಣ್ಣ, ರೋಡಿಗೆ ದುಡ್ಡು ಬರೋದು ಪೆಟ್ರೋಲ್ ತೆರಿಗೆಯಿಂದ. ನಾವು ಕಟ್ತೀವಿ, ನೀನು ಕಟ್ಟಲ್ಲ. ಶಿಡ್ಲಘಟ್ಟ ರೋಡು ನೋಡು, ಡಾಂಬರಿಗೆ ದುಡ್ಡಿಲ್ಲ ಅಂತಾರೆ. ಇನ್ಮೇಲೆ ಗುಂಡಿ ನೀನು ಮುಚ್ಚು. ಇಲ್ಲಾಂದ್ರೆ ಸ್ಟ್ಯಾಂಡಲ್ಲಿ ಸರದಿ ಇಲ್ಲ."

ಸರದಿ ಇಲ್ಲದಿದ್ದರೆ ಪ್ಯಾಸೆಂಜರ್ ಇಲ್ಲ, ಅನ್ನವೂ ಇಲ್ಲ. ಬೇಡಿಕೊಳ್ಳಬಹುದಿತ್ತು... ಆದರೆ ಊರ ನಾಟಕದಲ್ಲಿ ಭೀಮನ ಪಾತ್ರ ಮಾಡಿ ಪಳಗಿದ ಗಂಟಲು. ಎದೆ ತಟ್ಟಿ ಶಪಥ ಮಾಡಿಬಿಟ್ಟೆ — "ಈ ರಸ್ತೆಯ ಒಂದೊಂದು ಗುಂಡಿಯನ್ನೂ ಈ ಭುಜಬಲದಿಂದಲೇ ಮುಚ್ಚುವೆನು." ಚಪ್ಪಾಳೆ ಬಿತ್ತು. ಆಮೇಲೆ ಕೈಗೆ ಸನಿಕೆ ಕೊಟ್ಟರು.

ಜೂನ್ 16

ಜಲ್ಲಿ, ಮಣ್ಣು, ಬಿಸಿಲು. ರೇಷ್ಮೆಗೂಡಿನ ಟೆಂಪೊ ನಿಂತಿತು. "ಏಮಣ್ಣ, ಪಿಡಬ್ಲ್ಯೂಡಿನಾ?" ಅಂದ ಡ್ರೈವರ್.

"ಅಲ್ಲಪ್ಪ. ಭೀಮಸೇನ."

ನಗ್ತಾ ಹೋದ. ನನ್ನ ಬೆನ್ನು ನಗಲಿಲ್ಲ.

ಆಗಸ್ಟ್ 4

ಕೋನಪ್ಪನ ತಂಗಿ ಮಗ ಸುನೀಲ್, ಪೆಟ್ರೋಲ್ ಆಟೋ ಮಾರಿ ಕರೆಂಟಿನದು ತಂದ. ಹಾರ, ಕುಂಕುಮ, ತೆಂಗಿನಕಾಯಿ. ಎಲ್ಲರ ಕಣ್ಣು ಕೋನಪ್ಪನ ಮೇಲೆ. ಅಳಿಯನಿಗೂ ಅದೇ ನ್ಯಾಯವೋ?

ಬಾಯಲ್ಲಿದ್ದ ಬೀಡಿ ಹಚ್ಚಲೇ ಇಲ್ಲ ಕೋನಪ್ಪ. ಕೊನೆಗೆ, "ಅವನೂ ಮುಚ್ಚಲಿ."

ದುರ್ಯೋಧನ ಅಂದಿದ್ದೆ. ಇವನೊಳಗೆ ಎಲ್ಲೋ ಧರ್ಮರಾಯನೂ ಕೂತಿದ್ದಾನೆ.

ಅಕ್ಟೋಬರ್ 12

ಈಗ ಆರರಲ್ಲಿ ಐದು ಕರೆಂಟು. ಪೆಟ್ರೋಲು ಕೋನಪ್ಪನದೊಂದೇ. ನಾವು ಹಾಕಿದ ಮಣ್ಣನ್ನೆಲ್ಲ ಮಳೆ ಹೊತ್ತುಕೊಂಡು ಹೋಯಿತು.

ಸುನೀಲ್ ಪಕ್ಕಕ್ಕೆ ಕರೆದ. "ಭೀಮಣ್ಣ, ಐದು ಜನ ನಾವೇ ಇದ್ದೀವಿ. ನಾಳೆ ಕೈ ಎತ್ತಿ ಈ ರೂಲ್ಸ್ ತೆಗೆದಾಕಣ. ನೀನು ಅಡ್ಡ ಬಂದ್ರೆ ನಿನ್ನ ಸರದಿ ನೀನೇ ನೋಡ್ಕೋ."

ಜೂನಿನಲ್ಲಿ ಕೇಳಿದ್ದ ಮಾತೇ. ಬಾಯಿ ಬೇರೆ.

ರೂಲ್ಸ್ ಹೋದರೆ ಸನಿಕೆಯಿಂದ ಬಿಡುಗಡೆ. ಸರಿ... ಆದರೆ ಗುಂಡಿ ಯಾರದು? ಒಬ್ಬ ಕೋನಪ್ಪನ ಟ್ಯಾಂಕಿನಿಂದ ಎಷ್ಟು ರೋಡಾದೀತು?

ಅಕ್ಟೋಬರ್ 13, ಮಧ್ಯಾಹ್ನ

ಸಭೆ ಸೇರಿತು. ಎದ್ದು ನಿಂತೆ. ಈ ಸಲ ಎದೆ ತಟ್ಟಲಿಲ್ಲ.

"ಪೆಟ್ರೋಲು, ಕರೆಂಟು ಅನ್ನೋದು ಬಿಟ್ಟಾಕಿ. ಯಾರ ಗಾಡಿ ಎಷ್ಟು ಓಡ್ತದೋ ಅಷ್ಟು ಗುಂಡಿ ಅವರು ಮುಚ್ಚಲಿ. ಕಿಲೋಮೀಟರ್ ಎಲ್ಲಾರ ಗಾಡೀಲೂ ಕಾಣ್ತದೆ. ಒಪ್ಪೋರು ಕೈ ಎತ್ತಿ."

ಮೊದಲು ನಾನೇ ಎತ್ತಿದೆ. ಸುನೀಲ್ ಮೊಬೈಲ್ ನೋಡಿದ. ಉಳಿದವರು ಸುನೀಲನನ್ನು ನೋಡಿದರು. ಕೋನಪ್ಪನಾದರೂ ಎತ್ತುತ್ತಾನೆ ಅಂತ ಕಾದೆ. ಎತ್ತಲಿಲ್ಲ.

"ಯಾಕಪ್ಪ ಕೋನಪ್ಪ?"

"ನಾನೂ ಕರೆಂಟಿಂದು ಬುಕ್ ಮಾಡಿದೀನಿ ಕಣಣ್ಣ. ದೀಪಾವಳಿಗೆ ಬರ್ತದೆ."

ರೂಲ್ಸ್ ಹೋಯಿತು. ನನ್ನ ಆಟೋ ಸಾಲಿನಿಂದ ಆಚೆ ತಳ್ಳಿದರು.

ಖಾಲಿ ಗಾಡಿಯಲ್ಲಿ ಮನೆ ಕಡೆ ಹೊರಟೆ. ಹುಣಸೆಮರದ ತಿರುವಿನಲ್ಲಿ ಮೊಣಕಾಲುದ್ದ ಹೊಸ ಗುಂಡಿ. ನಿಲ್ಲಿಸಿದೆ. ನೋಡಲು ಯಾರೂ ಇಲ್ಲ, ಚಪ್ಪಾಳೆಗೂ ಇಲ್ಲ. ಇಳಿದು, ಸೀಟಿನ ಹಿಂದಿದ್ದ ಸನಿಕೆ ತೆಗೆದೆ.