ಹಗೇವಿನೊಳಗಿಂದ ಹೂಂಗುಟ್ಟಿದವಳಿಗೆ

ಮುತ್ತಲಹಾಳ, ಎರಡನೆಯ ಪಂಚಾಂಗದ ನಲವತ್ತೊಂದನೆಯ ವರ್ಷ, ಏಳನೆಯ ಋತುವಿನ ಹದಿಮೂರನೆಯ ಬೆಳಗು.

ಚಿರಂಜೀವಿ ಚಿಗರಿಗೆ ಗುರುಸಿದ್ಧನ ಆಶೀರ್ವಾದಗಳು. ನೀನು ಇನ್ನೂ ಹುಟ್ಟಿಲ್ಲ. ನಿನ್ನ ತಾಯಿಯೂ ಹುಟ್ಟಿಲ್ಲ. ನಿನ್ನ ಅಜ್ಜನಾಗಬೇಕಾದವನು ಎಂಟು ತಿಂಗಳ ಕೂಸು. ನಾನು ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮಲಗಿದ್ದಾನೆ. ನನ್ನ ಲೆಕ್ಕ ಸರಿಯಿದ್ದರೆ ನಾನು ನಿನ್ನ ಮುತ್ತಜ್ಜಿಯ ತಂದೆ. ಲೆಕ್ಕ ತಪ್ಪಿದ್ದರೂ ಚಿಂತೆಯಿಲ್ಲ. ನಿನ್ನ ಹೆಸರು ಚಿಗರಿಯೆಂದಾದರೆ, ನಮ್ಮ ಹೊಲದ ಹಗೇವಿನ ಬಾಯಿ ನಿನ್ನ ಕಾಲದಲ್ಲಿ ಇನ್ನೂ ತೆರೆದಿದ್ದರೆ, ಈ ಕಾಗದ ನಿನ್ನದೇ.

ಇದರ ಮಾತುಗಳು ನಿನ್ನ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನನ್ನ ಮುತ್ತಜ್ಜನ ಕಾಲದ ಕಾಗದಗಳಲ್ಲಿ ‘ಜಿಟಿಜಿಟಿ ಮಳೆ’ ಎಂಬ ಮಾತು ಬಂದಾಗ ನಾನೂ ನಿಘಂಟು ತೆಗೆದು ನೋಡಿದ್ದೇನೆ. ಮೊದಲ ಪಂಚಾಂಗದಲ್ಲಿ ಆರೇ ಋತುಗಳಿದ್ದವು. ಬೇಸಗೆಯು ತನ್ನ ಎರಡೂ ಬದಿಯ ಋತುಗಳನ್ನು ಒತ್ತರಿಸಿಕೊಂಡು ಬೆಳೆದ ಮೇಲೆ ಪಂಚಾಂಗದವರು ಸೋತು, ‘ಕಾವು’ ಎಂಬ ಏಳನೆಯ ಋತುವನ್ನು ಸೇರಿಸಿ ವರ್ಷಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದರು. ಕಾವಿನಲ್ಲಿ ಬಿಸಿಲೇರಿದ ಮೇಲೆ ಯಾರೂ ಹೊರಗೆ ಬರುವುದಿಲ್ಲ. ಬೀದಿಗಳ ಮೇಲೆ ಮನೆಯಿಂದ ಮನೆಗೆ ನೆರಳುಬಲೆ ಕಟ್ಟಿರುತ್ತದೆ. ಹಕ್ಕಿಗಳಿಲ್ಲದ ಕಾರಣ ಬೆಳೆ ಕಾಯುವ ಕೆಲಸ ಇಲ್ಲವಾಗಿ ಬಹಳ ಕಾಲವಾಯಿತು. ಹೊಲದಲ್ಲಿ ಬಿತ್ತುವುದು ತಾನ್ಗೂರಿಗೆ. ಎತ್ತಿಲ್ಲದೆ, ಆಳಿಲ್ಲದೆ ತಾನೇ ನಡೆಯುವ ಕೂರಿಗೆಗೆ ನಮ್ಮ ಕಡೆಯವರು ಇಟ್ಟ ಹೆಸರು ಅದು. ಮಬ್ಬುಗತ್ತಲೆಯಲ್ಲಿ ಯಾರಿಗೂ ಡಿಕ್ಕಿ ಹೊಡೆಯದಿರಲೆಂದು ಅದಕ್ಕೆ ಗಂಟೆ ಕಟ್ಟಿರುತ್ತಾರೆ. ಕಪ್ಪುಮಣ್ಣಿನ ಬಯಲಿನಲ್ಲಿ ಬೇರೆ ಯಾವ ಸದ್ದೂ ಇಲ್ಲದಾಗ ಆ ಗಂಟೆಯೊಂದೇ ಬರುತ್ತದೆ, ಹೋಗುತ್ತದೆ.

ನನ್ನ ತಂದೆ ಮುದಕಪ್ಪನವರು ಆ ಯಂತ್ರದ ಹಿಂದೆ ನಡೆಯುತ್ತಿದ್ದರು. ನಡೆಯುವ ಅಗತ್ಯವಿರಲಿಲ್ಲ. ಸಾಲು ತಿರುಗುವಲ್ಲಿ “ಹೋ ಹೋ, ಸಾವಕಾಶ ಮಗನ” ಎನ್ನುತ್ತಿದ್ದರು. ಅದು ಕೇಳುವುದಿಲ್ಲವೆಂದು ನಾನು ಒಮ್ಮೆ ವಿವರಿಸಿದೆ. “ಎತ್ತು ಮಾತ್ರ ಕೇಳತಿದ್ದುವೇನು? ನೀನು ಕೇಳತೀಯೇನು?” ಎಂದರು. ಜೋಳದ ಕಾಳನ್ನು ಹಲ್ಲಿನಡಿ ಇಟ್ಟು ಕಡಿದು, ಸಪ್ಪಳದಿಂದಲೇ ಅದರ ಹಸಿಯನ್ನು ಹೇಳುತ್ತಿದ್ದರು. ಹಸಿ ಅಳೆಯುವ ನನ್ನ ಮಾಪಕ ಅವರಿಗಿಂತ ಸ್ವಲ್ಪ ಹೆಚ್ಚು ಸರಿಯಾಗಿ ಹೇಳುತ್ತಿತ್ತು. ಅದನ್ನು ಅವರು ಒಪ್ಪಿದ್ದರು. ಒಪ್ಪಿಯೂ ಕಡಿಯುತ್ತಿದ್ದರು.

ಹಗೇವು ಎಂದರೇನೆಂದು ನಿನ್ನ ಕಾಲದವರಿಗೆ ಹೇಳಬೇಕಾಗಬಹುದು. ನೆಲದಲ್ಲಿ ತೋಡಿದ ಕಾಳಿನ ಕಣಜ ಅದು. ಒಳಗೆ ಕೊಡದ ಹೊಟ್ಟೆಯಂತೆ ಅಗಲ, ಮೇಲೆ ಒಬ್ಬ ಮನುಷ್ಯ ಹಿಡಿಸುವಷ್ಟೇ ಕಿರಿದಾದ ಕಲ್ಲಿನ ಬಾಯಿ. ಗೋಡೆಗೆ ಸಗಣಿ ಸಾರಿಸಿ, ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಾಲಕ್ಕೆ ಜನ ಇವನ್ನು ಮರೆತಿದ್ದರು. ದೊಡ್ಡ ಸೆಕೆಯ ವರ್ಷಗಳಲ್ಲಿ ವಿದ್ಯುತ್ತು ನಿಂತು, ಊರೂರಿನ ಉಗ್ರಾಣಗಳಲ್ಲಿ ಕಾಳು ಬೆಂದು ಮುಗ್ಗಿದಾಗ ಹಳೆಯ ಹಗೇವುಗಳನ್ನು ಹುಡುಕಿ ಅಗೆದರು. ಆದರೆ ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತದೆ. ಆ ಉಸಿರು ಗಾಳಿಗಿಂತ ಭಾರ. ತಳದಲ್ಲಿ ನೀರಿನಂತೆ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಅದರಲ್ಲಿ ನಿಂತವನು ಬದುಕಬಹುದು. ಕುಳಿತವನು ಏಳುವುದಿಲ್ಲ.

ಇದಕ್ಕಾಗಿ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವರು ಬುಟ್ಟಿಗೆ ಕಾಳು ತುಂಬುತ್ತ, ತಮಗಿಂತ ಮೊದಲು ಆ ಹಗೇವಿಗೆ ಇಳಿದವರ ಹೆಸರುಗಳನ್ನು ಕ್ರಮವಾಗಿ ಹೇಳಬೇಕು. ಹಗ್ಗ ಹಿಡಿದು ಮೇಲೆ ನಿಂತವರು ಪ್ರತಿ ಹೆಸರಿಗೂ ‘ಹೂಂ’ ಎನ್ನಬೇಕು. ಹೂಂ ಬಾರದೆ ಮುಂದಿನ ಹೆಸರು ಹೇಳುವಂತಿಲ್ಲ. ತಮ್ಮ ಹೆಸರು ಬಂದೊಡನೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೆಸರು ತಪ್ಪಿದರೆ, ಕ್ರಮ ಕೆಟ್ಟರೆ ಅಥವಾ ತಮ್ಮ ಹೆಸರನ್ನು ದಾಟಿ ಮುಂದೆ ಹೋದರೆ ಗಾಳಿ ತಲೆಗೇರಿದೆಯೆಂದು ಅರ್ಥ. ಮೇಲಿನವರು ಒಂದು ಮಾತೂ ಕೇಳದೆ ಎಳೆಯಬೇಕು. ನಮ್ಮ ವಂಶದ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ಅದು ಜೀವ ಉಳಿಸಿಕೊಳ್ಳುವ ಕೆಲಸದಲ್ಲಿ ತಾನಾಗಿ ಉಳಿದುಬಂತು.

“ಬರಮಪ್ಪ, ತೋಡಿದಾವ. ನಿಂಗವ್ವ, ಬರದಾಗ ಬಾಯಿ ತಗದು ಊರಿಗೆ ಹಂಚಿದಾಕಿ. ಲಗಮಪ್ಪ, ತಾ ತಿನ್ನದ ಬೀಜದ ಕಾಳು ಕಾಯ್ದಾವ. ಕಲ್ಲವ್ವ, ಬಸರಿದ್ದಾಗ ಇಳಿದಾಕಿ. ದ್ಯಾವಪ್ಪ, ಒಳಗ ಹಾಡಿದಾವ.” ತಂದೆಯವರ ಸುತ್ತು ಹೀಗೆ ಸಾಗುತ್ತಿತ್ತು. ಕೊನೆಗೆ “ಮುದಕಪ್ಪ, ಈಗ ಒಳಗದಾನ” ಎಂದು ನಗುತ್ತಿದ್ದರು. ನಾನು ನೆಲದ ಅನಿಲಗಳನ್ನು ಅಳೆಯುವ ವಿದ್ಯೆ ಕಲಿತು ಬಂದ ಹೊಸತರಲ್ಲಿ, ಮಾಪಕವಿರುವಾಗ ಈ ಹೆಸರುಗಳು ಏಕೆಂದು ಕೇಳಿದ್ದೆ. ಅವರು ಮಾಪಕವನ್ನು ತಿರುಗಿಸಿ ಮುರುಗಿಸಿ ನೋಡಿ, “ಡಬ್ಬಿ ಚೊಲೊ ಐತಿ. ಆದರ ಇದು ಹೂಂ ಅಂತೈತೇನು?” ಎಂದರು.

ಈಗ ಆ ಬೆಳಗಿನ ಸಂಗತಿ. ನನಗೆ ಆಗ ಇನ್ನೂ ಮದುವೆಯಾಗಿರಲಿಲ್ಲ. ತಂದೆಯವರ ಅಕ್ಕ, ನನ್ನ ಸೋದರತ್ತೆ ಕಾಶವ್ವ, ಬುಟ್ಟಿ ಇಳಿಸಿಕೊಳ್ಳಲು ನಮ್ಮೊಂದಿಗಿದ್ದಳು. ದೀಪ ಇಳಿಸಿದೆವು, ಆರಲಿಲ್ಲ. ಮಾಪಕ ಇಳಿಸಿದೆ, ಅದೂ ಹೋಗಬಹುದು ಎಂದಿತು. ಎರಡೂ ಸುಳ್ಳು ಹೇಳಲಿಲ್ಲ. ಭಾರದ ಗಾಳಿ ಕಾಳಿನ ರಾಶಿಯ ಅಡಿಯಲ್ಲಿ ಅವಿತಿತ್ತು. ತಂದೆಯವರು ಕಾಳು ತೋಡಿದಂತೆ ಅದು ಮೇಲೆದ್ದಿತು. ನಾಲ್ಕೈದು ಸುತ್ತು ಹೆಸರುಗಳು ಸರಿಯಾಗಿಯೇ ಬಂದವು, ನಾನು ಹೂಂಗುಟ್ಟಿದೆ. ಮುಂದಿನ ಸುತ್ತಿನಲ್ಲಿ “ಮುದಕಪ್ಪ, ಈಗ ಒಳಗದಾನ” ಎಂದವರು ನಿಲ್ಲಲಿಲ್ಲ. “ಗುರುಸಿದ್ಧ, ಹಗ್ಗ ಹಿಡದಾವ” ಎಂದರು.

ನಾನು ತಕ್ಷಣ ಎಳೆದೆ. ಬಾಯಿಗಟ್ಟಿನ ಒಂದು ಕಲ್ಲು ಜಗ್ಗಿ ಜಾರಿ, ಎರಡು ಕಲ್ಲುಗಳ ಸಂದಿನಲ್ಲಿ ಹಗ್ಗ ಸಿಕ್ಕಿಕೊಂಡಿತು. ಕಾಶವ್ವ ಜನರನ್ನು ಕರೆಯಲು ಊರ ಕಡೆಗೆ ಓಡಿದಳು. ನಾನು ಕಬ್ಬಿಣದ ಹಾರೆಯನ್ನು ಸಂದಿಗೆ ಹಾಕಿ ಮೈಭಾರವನ್ನೆಲ್ಲ ಹೇರಿದೆ. ಹೂಂ ಎನ್ನಬೇಕೆಂದು ನನಗೆ ಗೊತ್ತಿತ್ತು. ದನಿ ಹೊರಡಲಿಲ್ಲ. ಹೂಂ ಬಾರದಿದ್ದರೆ ಅವರು ಮುಂದಿನ ಹೆಸರಿಗೆ ಹೋಗುವುದಿಲ್ಲ, ಹೆಸರು ನಿಂತರೆ ಕಾಲು ಮಡಚಿ ಕೂರುತ್ತಾರೆ ಎಂಬುದೂ ಗೊತ್ತಿತ್ತು.

ಆಗ ಹಗೇವಿನ ಒಳಗಿನಿಂದ ‘ಹೂಂ’ ಎಂಬ ದನಿ ಬಂದಿತು.

ಅದು ತಂದೆಯವರದಲ್ಲ. ಎಳೆಯ ಹೆಣ್ಣುದನಿ. ಕಾಶವ್ವ ಮರಳಿ ಬಂದಳೇನೋ ಎಂದು ತಲೆಯೆತ್ತಿದೆ. ಬಯಲಿನಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ತಂದೆಯವರು, ಏನೂ ಆಗದವರಂತೆ, ಮುಂದಿನ ಹೆಸರು ಹೇಳಿದರು. “ಸೋನೆ, ನೀರು ತಂದಾಕಿ.” ಸ್ವಲ್ಪ ತಡವಾಗಿ ಮತ್ತೆ ಹೂಂ. “ಕೇದಾರ, ಬಿಟ್ಟುಹೋಗಿ ತಿರಗಿ ಬಂದಾವ.” ಹೂಂ. “ಮಾದೇವಿ, ಕಲ್ಲು ಹೊಸದಾಗಿ ಕಟ್ಟಿಸಿದಾಕಿ.” ಹೂಂ. ನನ್ನ ವಿದ್ಯೆ ಅಂಥ ಹೊತ್ತಿನಲ್ಲೂ ನನ್ನನ್ನು ಬಿಡಲಿಲ್ಲ. ಮೊದಲ ಹೂಂ ಬಹಳ ತಡವಾಗಿ, ದೂರದ ಊರಿನಿಂದ ನಡೆದು ಬಂದಂತೆ ಬಂದಿತ್ತು. ಪ್ರತಿ ಹೆಸರಿಗೂ ಆ ತಡ ಕಡಿಮೆಯಾಗುತ್ತಿತ್ತು. ಹಗೇವಿನ ಆಳ ಹದಿನಾಲ್ಕು ಅಡಿ. ಅಷ್ಟು ಆಳದಿಂದ ಹುಟ್ಟುವ ಪ್ರತಿಧ್ವನಿಯನ್ನು ಕಿವಿ ಬೇರೆಯಾಗಿ ಗುರುತಿಸಲಾರದು.

ಆಮೇಲೆ “ಚಿಗರಿ” ಎಂದರು. ನಿನ್ನ ಹೆಸರಿಗೆ ಮಾತ್ರ ಯಾವ ಕೆಲಸವನ್ನೂ ಜೋಡಿಸಲಿಲ್ಲ. ಈ ಸಲ ತಡವೇ ಇರಲಿಲ್ಲ. ಹೂಂ ಸಹ ಇರಲಿಲ್ಲ. ಆ ಹುಡುಗಿ ನಕ್ಕಳು. ಗುರುತಿಲ್ಲದ ಮುದುಕನೊಬ್ಬ ನಮ್ಮ ಹೆಸರು ಹಿಡಿದು ಕರೆದಾಗ ತಡೆಯಲಾರದೆ ಬರುತ್ತದಲ್ಲ, ಅಂಥ ನಗೆ. ತಂದೆಯವರೂ ನಕ್ಕು, “ಯಾಕ ನಗ್ತೀಯವಾ? ಹೆಸರು ಚೊಲೊ ಐತಲ್ಲ” ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಕಲ್ಲು ಮಿಸುಕಿತು. ನಾನು ಎಳೆದೆ.

ಮೇಲೆ ಬಂದವರು ವಾಂತಿ ಮಾಡಿಕೊಂಡರು, ಮುಖ ತೊಳೆದರು, ಜನರೊಂದಿಗೆ ಓಡಿಬಂದ ಕಾಶವ್ವ ಕೊಟ್ಟ ಮಜ್ಜಿಗೆ ಕುಡಿದರು. “ಮ್ಯಾಲೆ ಯಾವದೋ ಹುಡುಗಿ ಇತ್ತಲ್ಲ, ಎಲ್ಲಿ ಹೋತು? ಚೊಲೊ ಹೂಂಗುಟ್ಟತಿತ್ತು. ಅದು ನಿಂತಿದ್ದಕ್ಕ ನಾನೂ ನಿಂತೆ” ಎಂದರು. ಅತ್ತೆ ಸೆರಗಿನಿಂದ ಅವರ ತಲೆ ಒರೆಸುತ್ತ, “ನಿನ್ನ ಮಗನ ಹಂತ್ಯಾಕ ಯಾವ ಹುಡುಗಿ ಬರತಾಳೋ? ಡಬ್ಬಿ ಹಿಡಕೊಂಡು ಅಡ್ಡಾಡಾಂವ!” ಎಂದಳು. ಎಲ್ಲರೂ ನಕ್ಕರು. ಹೇಳಿದ ಹೆಸರುಗಳಲ್ಲಿ ಒಂದೂ ತಂದೆಯವರ ನೆನಪಿನಲ್ಲಿರಲಿಲ್ಲ. ನಾನು ಹೇಳಲೂ ಇಲ್ಲ.

ಮೂರು ವರ್ಷಗಳ ನಂತರ ನನಗೆ ಮಗಳು ಹುಟ್ಟಿದಳು. ಅಂದು ಅಪರೂಪಕ್ಕೆ ತುಂತುರು ಬಿದ್ದಿತ್ತು. ಹಾಸಿಗೆಯಲ್ಲಿದ್ದ ನನ್ನ ಹೆಂಡತಿ, ಸೋನೆ ಎಂದು ಕರೆಯೋಣ ಎಂದಳು. ಎಂಟು ತಿಂಗಳ ಹಿಂದೆ ಸೋನೆಗೆ ಗಂಡುಮಗುವಾಯಿತು. ಅಳಿಯನ ಮನೆಯವರು ತಮ್ಮ ಹಿರಿಯರ ನೆನಪಿಗೆ ಕೇದಾರ ಎಂದಿಟ್ಟರು. ನಾನು ತೊಟ್ಟಿಲ ಶಾಸ್ತ್ರದಲ್ಲಿ ನಿಂತು ಸಕ್ಕರೆ ಹಂಚಿದೆ. ಆ ಹೆಸರುಗಳನ್ನು ಇಂದಿನವರೆಗೆ ಯಾರೆದುರಿಗೂ ಉಚ್ಚರಿಸಿಲ್ಲ. ನನ್ನ ಮಾತಿನಿಂದ ಯಾರೂ ಹೆಸರಿಡಬಾರದು. ಅದಕ್ಕೇ ಈ ಕಾಗದವನ್ನು ಮೊಹರು ಮಾಡಿ, ಮೇಲೆ ‘ಕೇದಾರನ ಮೊಮ್ಮಗಳಿಗೆ’ ಎಂದಷ್ಟೇ ಬರೆದು ಸೋನೆಯ ಕೈಗೆ ಕೊಡುತ್ತೇನೆ.

ತಂದೆಯವರು ಆ ಬೆಳಗಿನ ನಂತರ ಹತ್ತೊಂಬತ್ತು ವರ್ಷ ಬದುಕಿದರು. ಸೋನೆಗೆ ನಡೆಯಲು ಕಲಿಸಿದವರು ಅವರು. ತಾನ್ಗೂರಿಗೆಯ ಮೇಲೆ ಅವಳನ್ನು ಕೂರಿಸಿ ಪಕ್ಕದಲ್ಲಿ ನಡೆಯುತ್ತಿದ್ದರು. ಮನೆಯಲ್ಲಿ, ಎಲ್ಲರ ನಡುವೆ, ಕಣ್ಣು ಮುಚ್ಚಿದರು. ಇದನ್ನು ನಾನು ದೃಢವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಮಗು ಹುಟ್ಟಿದ ಹೊಸತರಲ್ಲೇ ನೆಲಮಂಡಳಿಯಿಂದ ಆದೇಶ ಬಂದಿತು. ಕಾಳನ್ನೆಲ್ಲ ಇನ್ನು ಗೋಪುರಗಳಲ್ಲಿಡುತ್ತಾರೆ. ನೆಲ ಕುಸಿಯದಿರಲೆಂದು ಎಲ್ಲ ಹಗೇವುಗಳಿಗೂ ಮರಳು ತುಂಬಬೇಕು. ಮಂಡಳಿಯ ಅಳತೆಗಾರನಾದ ನಾನೇ ನಮ್ಮ ಹಗೇವಿಗೂ ಒಪ್ಪಿಗೆ ಬರೆದು, ಅತ್ತೆಗೆ ತಿಳಿಸಲು ಹೋದೆ. ಅವಳಿಗೆ ಈಗ ತೊಂಬತ್ತರ ಹತ್ತಿರ. “ಮುಚ್ಚರಿ, ಮದಲ ಮುಚ್ಚರಿ” ಎಂದಳು. “ನನ್ನ ತಮ್ಮನ್ನ ನುಂಗಿದ ಹಗೇವು. ನಾ ಜನಾ ಕರಕೊಂಡು ಬರೂದರಾಗ ಒಳಗ ಕುಂತುಬಿಟ್ಟಿದ್ದ.” ಅಪ್ಪ ಮನೆಯಲ್ಲಿ ತೀರಿಕೊಂಡದ್ದನ್ನು ನಾನು ನೆನಪಿಸಿದೆ. ಅವಳು ಕರುಣೆಯಿಂದ ನನ್ನ ತಲೆ ಸವರಿದಳು. ನಾನು ಮನೆಗೆ ಬಂದು ಸೋನೆಯನ್ನು, ನಿನಗೆ ನಡೆಯಲು ಕಲಿಸಿದವರು ಯಾರು ಎಂದು ಕೇಳಿದೆ. “ನೀನ ಅಲ್ಲೇನಪಾ? ಅಜ್ಜನ್ನ ನಾ ಎಲ್ಲಿ ನೋಡೇನಿ?” ಎಂದಳು.

ಹಗೇವು ಮುಚ್ಚಿದರೆ ನಿನ್ನ ಹೂಂ ಅವರಿಗೆ ತಲುಪದೆಂದು ಅರಿತು ಮರುದಿನವೇ ಒಪ್ಪಿಗೆಯನ್ನು ಹಿಂತೆಗೆದುಕೊಂಡೆ. ಅಳತೆಗುಂಡಿಯಾಗಿ ಒಂದು ಹಗೇವನ್ನು ಉಳಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು. ನೆಲದ ಉಸಿರನ್ನು ಹೋಲಿಸಿ ನೋಡಲು ಅಂಥದೊಂದು ಮೂಲ ಅಳತೆ ಬೇಕು. ಅದು ಮಂಜೂರಾದ ದಿನ ಕಾಶವ್ವ, ನಾನು ಕೇಳದೆಯೇ, ತಮ್ಮನ ಕೊನೆಯ ಕಾಯಿಲೆಯ ಮಾತು ತೆಗೆದಳು. ಸೋನೆಯೂ ಅಜ್ಜನ ತಾನ್ಗೂರಿಗೆ ಸವಾರಿಯನ್ನು ಮಗುವಿಗೆ ಹೇಳುತ್ತಿದ್ದಳು. ಅತ್ತೆಗೆ ವಯಸ್ಸಾಗಿದೆ, ಮಗಳು ಬಾಣಂತಿ, ನಿದ್ದೆಗೆಟ್ಟಿದ್ದಳು. ಈ ವಿವರಣೆಗಳು ನನಗೆ ಗೊತ್ತಿವೆ. ಅವನ್ನು ಇಲ್ಲಿ ದಾಖಲಿಸಿದ್ದೇನೆ. ನಂಬಲು ನನ್ನಿಂದಾಗಿಲ್ಲ.

ಅಳತೆಗುಂಡಿಗೆ ಒಂದು ಷರತ್ತಿದೆ. ಪ್ರತಿ ಋತುವಿನಲ್ಲಿ ಮನೆತನದ ಒಬ್ಬರು ಅಳತೆ ತೆಗೆದುಕೊಳ್ಳಬೇಕು. ಒಂದು ಋತು ತಪ್ಪಿದರೂ ಮರಳು ತುಂಬುತ್ತಾರೆ. ನನ್ನ ನಂತರ ನೋಡಿಕೊಳ್ಳಲು ಸೋನೆ ಒಪ್ಪಿದ್ದಾಳೆ. “ಒಂದು ತೂತು ಕಾಯಾಕ ಇಡೀ ವಂಶ ಬೇಕೇನಪಾ?” ಎಂದು ನಕ್ಕು ಒಪ್ಪಿದಳು. ಅವಳ ನಂತರ ಮಗ, ಅವನ ನಂತರ ಇನ್ನೊಬ್ಬಳು, ಹೀಗೆ ನಿನ್ನವರೆಗೆ ಅದು ತೆರೆದಿರಬೇಕೆಂದು ಬಯಸುತ್ತೇನೆ. ನನ್ನಿಂದ ಆಗುವುದು ಇಷ್ಟೇ.

ನಿನ್ನಿಂದ ಆಗಬೇಕಾದದ್ದು ಇದು. ಒಂದು ದಿನ ನೀನು ಬಾಯಿಗಟ್ಟಿನ ಹತ್ತಿರ ಇರುವಾಗ, ಒಳಗೆ ಯಾರೂ ಇಳಿದಿಲ್ಲವೆಂದು ನಿನಗೆ ಖಚಿತವಾಗಿರುವಾಗ, ಒಬ್ಬ ಮುದುಕ ನಿನ್ನ ಹಿರಿಯರ ಹೆಸರುಗಳನ್ನು ಹೇಳುವುದು ಕೇಳಿಸುತ್ತದೆ. ಓಡಬೇಡ. ಜನರನ್ನು ಕರೆಯಲು ಹೋಗಬೇಡ. ಹಗ್ಗ ಇಳಿಸಬೇಡ, ಅವರು ನಿನ್ನ ಹಗ್ಗಕ್ಕೆ ಎಟುಕುವವರಲ್ಲ. ನನ್ನ ಹೆಸರು ಬಂದ ಮೇಲೆ ಮೇಲಿನಿಂದ ಉತ್ತರ ಬರುವುದಿಲ್ಲ. ಅಲ್ಲಿಂದ ನೀನು ಹೂಂಗುಟ್ಟಬೇಕು. ಆ ಮನುಷ್ಯ ನಿಂತಿರುವುದು ನಿನ್ನ ದನಿಯ ಮೇಲೆ.

ಕೊನೆಯದೊಂದು ಉಳಿಯುತ್ತದೆ. ನೀನು ನಕ್ಕದ್ದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ತೂಗಿ ನೋಡಿದೆ. ಬರೆಯದಿದ್ದರೆ ನೀನು ಹೆದರಿ ಓಡಬಹುದು. ಬರೆದರೆ, ಆ ಹೊತ್ತಿನಲ್ಲಿ ಈ ಕಾಗದ ನೆನಪಾಗಿ ನಿನಗೆ ನಗೆ ಬಾರದಿರಬಹುದು. ಕಲ್ಲು ಮಿಸುಕಿದ್ದು ನಿನ್ನ ನಗೆಯಿಂದಲೋ, ನನ್ನ ಹಾರೆಯಿಂದಲೋ, ನನಗೆ ಗೊತ್ತಿಲ್ಲ. ಎರಡು ಅಪಾಯಗಳಲ್ಲಿ ಚಿಕ್ಕದನ್ನು ಆರಿಸಿದ್ದೇನೆ. ಹೂಂ ಎನ್ನು ಎಂದು ನಿನ್ನನ್ನು ಕೇಳಿಕೊಳ್ಳಬಲ್ಲೆ. ನಗು ಎಂದು ಕೇಳಿಕೊಳ್ಳಲಾರೆ. ಹೇಳಿಸಿಕೊಂಡು ನಕ್ಕರೆ ಅವರಿಗೆ ತಿಳಿಯುತ್ತದೆ.

ಇಂತು,
ಗುರುಸಿದ್ಧ ಮುದಕಪ್ಪ