ಪುಸ್ತಕದಲ್ಲಿರುವ ಬಿ.ಪಿ.

ಡಾಕ್ಟರರಿಗೆ ನಮಸ್ಕಾರಗಳು.

ನಾನು ಬಸ್ ಡ್ರೈವರರ ಮಗಳು. ಅಪ್ಪ ಮನೆಯಲ್ಲೇ ಬಿ.ಪಿ. ನೋಡಿ ಬರೆದಿಟ್ಟ ಪುಸ್ತಕ ಕಂಡು, "ಭೇಷ್, ಇಷ್ಟು ಶಿಸ್ತಿನ ಪೇಶೆಂಟ್ ಸಿಗೋದೇ ಅಪರೂಪ" ಎಂದು ನೀವು ಒಂದು ಮಾತ್ರೆ ಬಿಡಿಸಿದಿರಿ. ಆ ಪುಸ್ತಕವನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಅದರಲ್ಲಿರುವುದು ನನ್ನ ಬಿ.ಪಿ.

ಮೊದಲ ದಿನ ಅಪ್ಪನ ತೋಳಿಗೆ ಸುತ್ತಿದಾಗ ಮೆಷಿನ್ ನೂರ ಎಂಬತ್ತು ತೋರಿಸಿತು. "ಇದನ್ನ ಬರೆದ್ರೆ ನನ್ನನ್ನ ಸ್ಟೀರಿಂಗಿಂದ ಇಳಿಸಿಬಿಡ್ತಾರೆ. ನಿನ್ನ ಕೈ ಕೊಡೇ ಪುಟ್ಟಿ" ಅಂದರು. ಕೊಟ್ಟೆ. ಆಮೇಲೆ ದಿನಾ ಬೆಳಗ್ಗೆ, ನೀವು ಹೇಳಿಕೊಟ್ಟಂತೆಯೇ ಐದು ನಿಮಿಷ ಸುಮ್ಮನೆ ಕೂತು, ಮೆಷಿನ್ನಿನ ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿಕೊಂಡೆ. ಅಪ್ಪ ನಗುತ್ತಾ ಬರೆದುಕೊಂಡರು.

ಹೋದ ತಿಂಗಳು ಡಿಪೋದಲ್ಲಿ ಕುಸಿದುಬಿದ್ದರು. ಬಲಗೈ ಏಳುವುದಿಲ್ಲ, ಮಾತು ನಿಂತಿದೆ. ಡಾಕ್ಟರು ಮಾತ್ರೆ ಬಿಡಿಸಿದ್ದಕ್ಕೇ ಹೀಗಾಯಿತೆಂದು ಅಮ್ಮ ನಿಮಗೆ ಹಿಡಿಶಾಪ ಹಾಕುತ್ತಿದ್ದಾಳೆ. ಸೋಮವಾರ ನಿಮ್ಮಲ್ಲಿಗೆ ಬರುತ್ತಾಳೆ. ದಯವಿಟ್ಟು ಅವಳಿಗೆ ಈ ಪುಸ್ತಕ ತೋರಿಸಬೇಡಿ. ನಾನೇ ಹೇಳಬೇಕು, ಇನ್ನೂ ಬಾಯಿ ಬಂದಿಲ್ಲ.

ಇವತ್ತು ಬೆಳಗ್ಗೆ ಅಪ್ಪನ ತೋಳಿಗೆ ಪಟ್ಟಿ ಸುತ್ತಲು ಹೋದೆ. ಎಡಗೈಯಿಂದ ಅದನ್ನು ಪಕ್ಕಕ್ಕೆ ತಳ್ಳಿ, ನನ್ನ ತೋಳು ತೋರಿಸಿದರು.

ಇಂತಿ,
ಡ್ರೈವರರ ಮಗಳು