ರಮ್ಯ ಮಾರ್ಗದಿಂದ ಬಸ್ಸು ತೆಗೆದವರಿಗೆ

ಕರಾವಳಿ ರಸ್ತೆಯ ಉಸ್ತುವಾರಿ ಹೊತ್ತ ಮಾನ್ಯರೇ,

ಕಡಲಂಚಿನ ರಸ್ತೆಯನ್ನು ತಾವು 'ರಮ್ಯ ಮಾರ್ಗ' ಎಂದು ಘೋಷಿಸಿದಿರಿ. ಅದರ ಬೆನ್ನಿಗೇ ಅಲ್ಲಿ ಓಡುತ್ತಿದ್ದ ಬಸ್ಸನ್ನು ಗುಡ್ಡದಾಚೆಯ ಹೆದ್ದಾರಿಗೆ ಅಟ್ಟಿದಿರಿ. ಬಸ್ಸು ನೋಟಕ್ಕೆ ಅಡ್ಡಿಯಂತೆ. ನನ್ನ ದೂರು ಇದೇ. ಹೇಳಲು ನೀನ್ಯಾರು ಎಂದು ಕೇಳುವಿರಾದರೆ, ತಮ್ಮ ಜಾಹೀರಾತು ನಂಬಿ ಹೊರಟ ಪ್ರವಾಸಿಯೇ.

ನಾನು ದರ್ಜಿ. ನಮ್ಮ ಮನೆಯವರು ತೀರಿಕೊಂಡ ಮೇಲೆ ಭಾನುವಾರಗಳು ಹೊಲಿಗೆ ಬಿಚ್ಚಿದ ಬಟ್ಟೆಯಂತೆ ಜೋಲು ಬಿದ್ದವು. ಅವರ ಕಾರು ಮನೆ ಮುಂದೆ ಧೂಳು ತಿನ್ನುತ್ತಿತ್ತು. ತಲೆ ನರೆತ ಮೇಲೆ ಡ್ರೈವಿಂಗ್ ಕಲಿತೆ. ಕಲಿತವಳಿಗೆ ಹೋಗಲು ನಂಟರ ಮನೆಯಿಲ್ಲ. ಹಾಗಾಗಿ ತಮ್ಮ ರಮ್ಯ ಮಾರ್ಗಕ್ಕೇ ಬಂದೆ. ಸುಳ್ಳೇಕೆ, ಕಣ್ಣು ತಣಿಯಿತು. ಅಳಿವೆಯಲ್ಲಿ ನೀರುನಾಯಿಯೊಂದು ಮರಿಗಳಿಗೆ ಈಜು ಕಲಿಸುತ್ತಿತ್ತು. "ಅಲ್ನೋಡಿ" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ನನ್ನ ಕೈಚೀಲ ಕೂತಿತ್ತು.

ಮುಂದಿನ ಮೀನುಗಾರರ ಹಳ್ಳಿಯಲ್ಲಿ, ಫೋಟೊ ತೆಗೆಸಿಕೊಳ್ಳಲೆಂದು ತಾವು ಹಾಕಿಸಿದ ನೀಲಿ ಬೆಂಚಿನ ಮೇಲೆ, ತೀರಾ ವಯಸ್ಸಾದ ಅಜ್ಜಿಯೊಬ್ಬರು ಒಣಮೀನಿನ ಗಂಟಿಟ್ಟುಕೊಂಡು ಕೂತಿದ್ದರು.

"ಯಾರಿಗೆ ಕಾಯ್ತಿದ್ದೀರಿ ಅಜ್ಜಿ?"

"ಬಸ್ಸಿಗೆ."

"ಈ ದಾರೀಲಿ ಈಗ ಬಸ್ಸು ಬರಲ್ವಲ್ಲ?"

"ಗೊತ್ತು ಮಗಳೇ. ಮನೇಲಿ ಕೂತ್ರೂ ಬರಲ್ಲ, ಇಲ್ಲಿ ಕೂತ್ರೂ ಬರಲ್ಲ. ಇಲ್ಲಾದ್ರೆ ನಾಕು ಮುಖ ಕಾಣ್ತವೆ."

ಅಜ್ಜಿಯ ತಂಗಿ ಇರುವುದು ಕೊಲ್ಲಿಯ ಆಚೆ ದಡದ ಹಳ್ಳಿಯಲ್ಲಿ. ಸಂಜೆ ಅವರ ಮನೆಯ ದೀಪ ಇಲ್ಲಿಗೆ ಕಾಣುತ್ತದೆ. ಆದರೂ ಕಳೆದ ಮಳೆಗಾಲದಿಂದ ಅಕ್ಕತಂಗಿ ಮುಖ ನೋಡಿರಲಿಲ್ಲ. ಹೆದ್ದಾರಿಯ ಬಸ್ಸು ಹಿಡಿಯಲು ಗುಡ್ಡ ಹತ್ತಬೇಕು; ಅಜ್ಜಿಯ ಮೊಣಕಾಲಿಗೆ ತಮ್ಮ ಆದೇಶ ಅರ್ಥವಾಗುವುದಿಲ್ಲ. ಕೈಚೀಲವನ್ನು ಹಿಂದಕ್ಕೆಸೆದು ಕಾರಿನ ಬಾಗಿಲು ತೆರೆದೆ.

ದಾರಿಯಲ್ಲಿ ತಮ್ಮ ಫಲಕ: 'ನಿಧಾನ, ನೀರುನಾಯಿ ದಾಟುವ ಜಾಗ.' ಓದಿ ಹೇಳಿದೆ.

"ಅವಕ್ಕೂ ಬೋರ್ಡು ಹಾಕಿದ್ದಾರಾ? ಒಳ್ಳೇದಾಯ್ತು ಬಿಡು, ಪಾಪ. ನಮ್ಮ ಬಸ್‌ಸ್ಟಾಪಿನ ಬೋರ್ಡನ್ನೇ ಉಜ್ಜಿ ಬರೆದಿರ್ಬೇಕು" ಎಂದು ಅಜ್ಜಿ ನಕ್ಕರು.

ತಂಗಿ ಬಾಗಿಲಲ್ಲೇ ಹರಿಹಾಯ್ದರು. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ಸತ್ತಿದ್ರೆ ಹೇಳಿ ಕಳಿಸೋದಲ್ವಾ?" ಬೈಯುತ್ತಲೇ ಅಕ್ಕನ ಕೈ ಹಿಡಿದವರು ಸಂಜೆವರೆಗೆ ಬಿಡಲಿಲ್ಲ. ನನ್ನನ್ನೂ ಒಳಗೆ ಕರೆದು "ಊಟ ಆಯ್ತಾ?" ಎಂದರು. ಆ ಮಾತನ್ನು ನನ್ನನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಇಲ್ಲವೆಂದು ತಲೆಯಾಡಿಸಿ ಊಟಕ್ಕೆ ಕೂತೆ.

ಮಾನ್ಯರೇ, ತಮ್ಮ ನೋಟಕ್ಕೆ ಅಡ್ಡಿಯಾದದ್ದು ಬಸ್ಸೇ, ಬಸ್ಸಿನೊಳಗೆ ಕೂತವರೇ? ಚಿತ್ರಕ್ಕೆ ಮೀನುಗಾರರ ಹಳ್ಳಿ ಬೇಕು, ರಸ್ತೆಗೆ ಮೀನಿನ ಗಂಟು ಹಿಡಿದವರು ಬೇಡ. ಇದು ಯಾವ ಸೀಮೆಯ ಸೌಂದರ್ಯಪ್ರಜ್ಞೆ? ನೀರುನಾಯಿ ದಾಟಲಿ, ಸಂತೋಷ. ಅಕ್ಕ ತಂಗಿಯ ಮನೆಗೆ ದಾಟುವುದು ಬೇಡವೇ?

ಅಂದಿನಿಂದ ಪ್ರತಿ ಭಾನುವಾರ ನಾನು ಹೋಗಿ ಅಜ್ಜಿಯನ್ನು ತಂಗಿಯ ಮನೆಗೆ ಕರೆದೊಯ್ಯುತ್ತೇನೆ. ಆದರೆ ಆ ದಾರಿಯಲ್ಲಿ ಬಸ್ಸು ಬೇಕಾದವರು ಅಜ್ಜಿ ಒಬ್ಬರೇ ಅಲ್ಲ, ನನ್ನದು ಸಣ್ಣ ಕಾರು. ಆದ್ದರಿಂದ ಬಸ್ಸನ್ನು ಹಳೆಯ ದಾರಿಗೇ ತನ್ನಿ, ಮುಂಚಿನಂತೆ ಪ್ರತಿ ಹಳ್ಳಿಯಲ್ಲೂ ನಿಲ್ಲಿಸಿ. ಬಂದರೆ ಅಜ್ಜಿಗೆ ನನ್ನ ಹಂಗಿಲ್ಲ. ಮನಸ್ಸಾದಾಗ ಹೊರಡುತ್ತಾರೆ, ಭಾನುವಾರಕ್ಕೆ ಕಾಯುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ದಯವಿಟ್ಟು ತಡಮಾಡಬೇಡಿ. ತಡವಾದಷ್ಟೂ ಈ ಪತ್ರವನ್ನು ಹಿಂದಕ್ಕೆ ಪಡೆಯುವ ಆಸೆ ನನ್ನಲ್ಲೇ ಬಲಿಯುತ್ತದೆ.

ಇಂತಿ,
ತಾವು ನ್ಯಾಯ ಕೊಟ್ಟರೆ ಜೊತೆ ಕಳೆದುಕೊಳ್ಳಲಿರುವ
ಒಬ್ಬ ದರ್ಜಿ